ಯಾರ ಮನೆಯ ಗೆಲುವು?

ನಮ್ಮ ಶಾಲೆಯ ಆಫೀಸಿನ ಗಾಜಿನ ಕಪಾಟಿನಲ್ಲಿ ಒಂದು ಬೆಳ್ಳಿಬಣ್ಣದ ಕಪ್ ಇದೆ. ಅದರ ಕೊರಳಿಗೆ ಹಸಿರು ರಿಬ್ಬನ್ನು ಕಟ್ಟಿದವಳು ನಾನೇ. ಹೋದ ವರ್ಷ ವರದಾ ಹೌಸಿನ ಉಸ್ತುವಾರಿ ನನ್ನದಾಗಿತ್ತು. ನಾವು ಗೆದ್ದೆವು. ಆ ಗೆಲುವಿನ ವಿರುದ್ಧವೇ ಈಗ ನಾಲ್ಕು ಮಾತು ಬರೆಯಬೇಕಾಗಿದೆ.

ನಾನು ತೊಗರ್ಸಿಯವಳು. ಪಾಠ ಮಾಡುವುದು ತಾಲ್ಲೂಕಿನ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ. ಅದರ ಹೆಸರು ಬೇಡ. ಇಂಥ ಶಾಲೆಗಳು ಊರೂರಿಗೂ ಇವೆ. ಜೂನಿನಲ್ಲಿ ಮಕ್ಕಳನ್ನು ತುಂಗಾ, ಶರಾವತಿ, ವರದಾ, ಕುಮುದ್ವತಿ ಎಂದು ನಾಲ್ಕು ಹೌಸುಗಳಿಗೆ ಹಂಚಿದೆವು. ಜುಲೈಯಲ್ಲಿ ಭಾಷಣ, ಆಗಸ್ಟಿನಲ್ಲಿ ದೇಶಭಕ್ತಿಗೀತೆ, ನಡುವೆ ಪ್ರತಿಭಾ ಕಾರಂಜಿಗೆ ಆಯ್ಕೆ, ನವೆಂಬರಿನಲ್ಲಿ ಜಾನಪದ ಗೀತೆ, ಡಿಸೆಂಬರಿನಲ್ಲಿ ಖೋ ಖೋ, ಥ್ರೋಬಾಲ್, ರಂಗೋಲಿ. ಮೊದಲ ಸ್ಥಾನಕ್ಕೆ 5 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಪ್ರತಿ ಸೋಮವಾರ ಪ್ರಾರ್ಥನೆಯ ನಂತರ ಅಂಕಪಟ್ಟಿ ಓದುತ್ತಿದ್ದೆವು. ವರದಾ ಮುಂದೆ ಎಂದಾಗ ಎದ್ದ ಕೂಗಿನಲ್ಲಿ ನನ್ನ ದನಿಯೂ ಇತ್ತು.

ಜಾನಪದ ಗೀತೆಗೆ ನಾನು ಆರಿಸಿದ್ದು ಎಂಟನೇ ತರಗತಿಯ ಒಬ್ಬ ಹುಡುಗಿಯನ್ನು. ಸಸಿ ನೆಡುವ ಹೆಂಗಸರ ಜೊತೆ ಹಾಡಿ ಬೆಳೆದ ಕಂಠ. ಅಭ್ಯಾಸ ಮಾತ್ರ ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಗೆ. ಅವಳ ಊರಿನ ಬಸ್ಸು ನಾಲ್ಕೂ ಮುಕ್ಕಾಲಿಗೆ. ಎರಡು ದಿನ ಉಳಿದಳು, ಕತ್ತಲಾದ ಮೇಲೆ ಮನೆ ಸೇರಿದಳು. ಮೂರನೆಯ ದಿನ ಅಪ್ಪ ಬೇಡವೆಂದರು. "ಹೌಸಿನ ಮೇಲೆ ನಿನಗೆ ಅಭಿಮಾನವೇ ಇಲ್ಲವೇ?" ಎಂದು ನಾನು ಗದರಿದೆ. ಆಗಲೇ ಮೂರು ಸ್ಪರ್ಧೆಗಳಲ್ಲಿದ್ದ ಪೇಟೆಯ ಹುಡುಗಿಯನ್ನು ಅವಳ ಜಾಗಕ್ಕೆ ಹಾಕಿದೆ. 5 ಅಂಕ ಬಂತು. ಅಂದು ಸಂಜೆ ಬಸ್ಸಿನಲ್ಲಿ ಆ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. "ಟೀಚರ್, ಎರಡನೇ ಚರಣ ತಪ್ಪಾಯ್ತು" ಎಂದಳು. ಅಷ್ಟೇ.

ಆ ರಾತ್ರಿ ನಮ್ಮ ಹೌಸಿನ ಪಟ್ಟಿ ತೆಗೆದು ಎಣಿಸಿದೆ. 62 ಮಕ್ಕಳಲ್ಲಿ ಅಂಕ ತಂದವರು 11. ಅವರಲ್ಲಿ 9 ಮಂದಿ ಶಾಲೆಯಿಂದ ನಡೆದು ಮನೆ ಸೇರುವವರು. ಉಳಿದ 51 ಮಂದಿಗೆ ವರ್ಷವಿಡೀ ಚಪ್ಪಾಳೆಯ ಕೆಲಸ. ಇದನ್ನು ನಾವು ಹೌಸಿನ ಅಭಿಮಾನ ಎಂದು ಕರೆದೆವು.

ಹೌಸ್ ಎಂದರೆ ಮನೆ. ಇಂಗ್ಲೆಂಡಿನ ವಸತಿ ಶಾಲೆಗಳಲ್ಲಿ ಮಕ್ಕಳು ನಿಜವಾಗಿ ವಾಸಿಸುವ ಮನೆಗೆ ಆ ಹೆಸರಿತ್ತು. ಮಗು ಉಂಡಿತೇ, ಜ್ವರ ಬಂತೇ ಎಂದು ನೋಡಲು ಅಲ್ಲಿ ಒಬ್ಬರು ಹಿರಿಯರಿರುತ್ತಿದ್ದರು. ನಮ್ಮ ಜಿಲ್ಲೆಯ ಗಾಜನೂರಿನದೂ ಸೇರಿ ದೇಶದ ನವೋದಯ ವಿದ್ಯಾಲಯಗಳಲ್ಲಿ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ಹೌಸುಗಳಿವೆ. ಅಲ್ಲಿ ಮಕ್ಕಳು ಅಲ್ಲೇ ಉಂಡು ಅಲ್ಲೇ ಮಲಗುವವರು. ಸಂಜೆಯ ಅಭ್ಯಾಸಕ್ಕೆ ಯಾವ ಬಸ್ಸೂ ಅಡ್ಡಬಾರದು. ಹಗಲು ಶಾಲೆಯ ನಾವು ಮನೆಯನ್ನು ಬಿಟ್ಟು ಕಪ್ಪನ್ನು ಮಾತ್ರ ತಂದುಕೊಂಡೆವು.

2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು; ಕೋವಿಡ್ ಬಂದ ಮೇಲೆ ಅದು ನಿಂತಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರಕಾರಿ ಬಸ್ಸಿನಲ್ಲಿ ಹುಡುಗಿಯರ ಟಿಕೆಟ್ಟಿನ ದುಡ್ಡು ಉಳಿಯಿತು, ಖಾಸಗಿ ಬಸ್ಸಿನಲ್ಲಿ ಅದೂ ಇಲ್ಲ. ಆದರೆ ನಮ್ಮ ಹಳ್ಳಿಯ ಕಡೆಯ ಬಸ್ಸಿನ ಹೊತ್ತು ಮಾತ್ರ ಹಾಗೆಯೇ ಇದೆ. ಅದನ್ನು ಬದಲಿಸುವುದು ನನ್ನ ಕೈಲಿಲ್ಲ, ಒಪ್ಪುತ್ತೇನೆ. ಅಭ್ಯಾಸದ ಹೊತ್ತನ್ನು ಬದಲಿಸುವುದು ನಮ್ಮ ಕೈಲಿತ್ತಲ್ಲ!

"ಬದುಕೇ ಸ್ಪರ್ಧೆ, ಮಕ್ಕಳು ಈಗಲೇ ಕಲಿಯಲಿ" ಎನ್ನುತ್ತಾರೆ ಸಹೋದ್ಯೋಗಿಗಳು. ಸ್ಪರ್ಧೆ ಬೇಡವೆಂದು ನಾನೂ ಹೇಳುವುದಿಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಖೋ ಖೋ ಅಂಗಳದಲ್ಲಿ ಹುಲಿಯಾಗುವುದನ್ನು ಕಂಡಿದ್ದೇನೆ. ನಮ್ಮದು ಅಕ್ಕನ ಉಡುತಡಿ, ಅಲ್ಲಮನ ಬಳ್ಳಿಗಾವಿ ಇರುವ ತಾಲ್ಲೂಕು. ಕಲ್ಯಾಣದಲ್ಲಿ ಅಲ್ಲಮ ಅಕ್ಕನನ್ನು ಕಟುವಾಗಿ ಪರೀಕ್ಷಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅದೂ ಒಂದು ಸ್ಪರ್ಧೆಯೇ ಎನ್ನಿ. ಆದರೆ ಅಲ್ಲಿ ಉತ್ತರ ಅಕ್ಕನದೇ ಆಗಿತ್ತು. ನಮ್ಮ ಭಾಷಣ ಸ್ಪರ್ಧೆಯಲ್ಲಿ ಅದೇ ಅಕ್ಕನ ಬಗ್ಗೆ ಮೂರು ನಿಮಿಷ ಮಾತಾಡುವ ಹುಡುಗಿಗೆ ಪ್ರತಿ ಸಾಲನ್ನೂ ಟೀಚರ್ ಬರೆದುಕೊಡುತ್ತಾರೆ. ನಾನೇ ನಾಲ್ಕು ಬರೆದಿದ್ದೇನೆ; ಎರಡಕ್ಕೆ ಬಹುಮಾನ ಬಂದಿದೆ. ಯಾರಿಗೆ ಬಂತು, ನೀವೇ ಹೇಳಿ.

ಮನೆ ಗೆದ್ದು ಮಾರು ಗೆಲ್ಲು ಎಂದರು ಹಿರಿಯರು. ನನ್ನ ಬೇಡಿಕೆ ಮೂರೇ. ಅಭ್ಯಾಸ, ಸ್ಪರ್ಧೆ ಎಲ್ಲವೂ ಶಾಲೆಯ ಹೊತ್ತಿನೊಳಗೇ ಮುಗಿಯಲಿ. ಒಬ್ಬ ಹುಡುಗಿ ವರ್ಷಕ್ಕೆ ಎರಡೇ ಸ್ಪರ್ಧೆಯಲ್ಲಿ ಹೌಸಿನ ಪರ ನಿಲ್ಲಲಿ. ಗೆದ್ದವರಿಗೆ ಅಂಕ ಕೊಡುವಂತೆ, ವೇದಿಕೆ ಹತ್ತಿದ ಪ್ರತಿ ಹೊಸ ಹುಡುಗಿಗೂ ಹೌಸಿಗೆ ಒಂದು ಅಂಕ ಸಿಗಲಿ. ಆಗ 62 ಮಕ್ಕಳನ್ನೂ ಹುಡುಕಿಕೊಂಡು ಹೋಗದೆ ಯಾವ ಟೀಚರಿಗೂ ಕಪ್ ಸಿಗದು.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯೋಪಾಧ್ಯಾಯಿನಿಯವರಿಗೆ ಕೊಟ್ಟಿದ್ದೇನೆ. ಒಪ್ಪಿಗೆಯಾಗದಿದ್ದರೆ ಹೌಸಿನ ಉಸ್ತುವಾರಿ ನನಗೆ ಬೇಡ ಎಂದು ಕೊನೆಯಲ್ಲಿ ಸೇರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಆ ಹುಡುಗಿ ಈಗ ಒಂಬತ್ತನೇ ತರಗತಿ. ದಿನವೂ ನಾಲ್ಕೂ ಮುಕ್ಕಾಲರ ಬಸ್ಸಿಗೆ ಸಿಗುತ್ತಾಳೆ.