ಸ್ಕ್ಯಾನರ್ ತೆಗೆದ ಚಿತ್ರವೂ ದಾಖಲೆಯೇ

ಬಾರ್‌ಕೋಡ್ ಓದುವ ಕೈ ಸ್ಕ್ಯಾನರ್ ಇಂದು ಸಣ್ಣ ಗೋದಾಮುಗಳಲ್ಲಿಯೂ ಸಾಮಾನ್ಯ ಉಪಕರಣವಾಗಿದೆ. ಲೇಸರ್ ಮಾದರಿಗಳು ಗೆರೆಗಳ ಸಂಕೇತವನ್ನಷ್ಟೇ ಓದುತ್ತವೆ. ಇಮೇಜರ್ ಮಾದರಿಗಳಲ್ಲಿ ಪುಟ್ಟ ಕ್ಯಾಮೆರಾ ಇರುವುದರಿಂದ ಅನೇಕವು ಇ-ಇನ್‌ವಾಯ್ಸ್‌ನ ಕ್ಯೂಆರ್ ಕೋಡ್ ಓದುವುದಲ್ಲದೆ, ಜಜ್ಜಿಹೋದ ಪೆಟ್ಟಿಗೆಯ ಅಥವಾ ಸರಕು ಸ್ವೀಕರಿಸಿದವರ ಸಹಿ-ಮೊಹರಿನ ಚಿತ್ರವನ್ನೂ ಗಣಕಯಂತ್ರಕ್ಕೆ ಕಳುಹಿಸಬಲ್ಲವು. ಆದರೆ ಇದಕ್ಕೆ ಹಣ ತೆತ್ತ ಮಾಲೀಕರು ಚಿತ್ರದ ಹೊಂದಾಣಿಕೆಗಳನ್ನು ಮಾರಾಟಗಾರನ ತಂತ್ರಜ್ಞನಿಗೇ ಬಿಟ್ಟು ಸುಮ್ಮನಾಗುವುದು ಸರಿಯಲ್ಲ.

ಖರೀದಿದಾರನು ಸರಕು ಒಡೆದಿತ್ತೆಂದು ಬಿಲ್ಲಿನ ಹಣ ಕಡಿತ ಮಾಡಿದಾಗ ಉತ್ಪಾದಕನ ಬಳಿ ಚಿತ್ರವಿದ್ದರೆ ಸಾಲದು. ಅದರಲ್ಲಿನ ಮೊಹರು, ದಿನಾಂಕ ಮತ್ತು ಷರಾ ಓದುವಂತಿರಬೇಕು. ಸರಕು ನಾಶವಾಯಿತೆಂದು ಲೆಕ್ಕದಿಂದ ತೆಗೆದರೆ, ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಅದರ ಇನ್‌ಪುಟ್ ತೆರಿಗೆ ಜಮೆಯೂ ದೊರೆಯದು. ಮಸುಕಾದ ಚಿತ್ರದ ಬೆಲೆ ಹೀಗೆ ಸರಕಿನ ಬೆಲೆಯನ್ನೂ ಮೀರಬಹುದು.

ಗಮನಿಸಬೇಕಾದ ಅಂಶಗಳು ಕೆಲವೇ. ಮೊದಲನೆಯದು ಜೋಡಣೆಯ ವಿಧಾನ. ಕೀಲಿಮಣೆಯಂತೆ ವರ್ತಿಸುವ ಸಾಮಾನ್ಯ ಜೋಡಣೆಯಲ್ಲಿ ಅಕ್ಷರ, ಅಂಕಿಗಳು ಮಾತ್ರ ಸಾಗುತ್ತವೆ. ಚಿತ್ರ ಸಾಗಿಸಲು ಬೇರೆ ಜೋಡಣೆಯನ್ನೂ ತಕ್ಕ ತಂತ್ರಾಂಶವನ್ನೂ ಆರಿಸಬೇಕು. ಎರಡನೆಯದು ಚಿತ್ರದ ಸಾಂದ್ರತೆ. 1280×800 ಬಿಂದುಗಳ ಕಪ್ಪು-ಬಿಳುಪು ಚಿತ್ರವನ್ನು 256 ಛಾಯೆಗಳಲ್ಲಿ, ಸಂಕುಚಿಸದೆ ಉಳಿಸಿದರೆ ಸುಮಾರು 1 ಎಂಬಿ ಆಗುತ್ತದೆ. ದಿನಕ್ಕೆ 200 ಚಿತ್ರಗಳಂತೆ 300 ದಿನಕ್ಕೆ 60 ಜಿಬಿ! ಉದ್ದ-ಅಗಲಗಳನ್ನು ಅರ್ಧಕ್ಕಿಳಿಸಿದರೆ ಗಾತ್ರ ಕಾಲುಭಾಗಕ್ಕಿಳಿಯುತ್ತದೆ. ಆದರೆ ಸಣ್ಣಕ್ಷರದ ಮೊಹರು ಅಳಿಸಿಹೋದೀತು. ಆದ್ದರಿಂದ ಪೂರ್ಣ ಸಾಂದ್ರತೆ ಉಳಿಸಿಕೊಂಡು, ಜೆಪೆಗ್ ರೂಪದಲ್ಲಿ ಮಿತವಾಗಿ ಸಂಕುಚಿಸುವುದು ಲೇಸು. ಮೂರನೆಯದು ಬೆಳಕು. ಹೊಳೆಯುವ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಸ್ಕ್ಯಾನರಿನ ದೀಪ ಪ್ರತಿಫಲಿಸಿ ಚಿತ್ರ ಬೆಳ್ಳಗಾಗುತ್ತದೆ; ದೀಪ ಆರಿಸಿದರೆ ಕತ್ತಲ ಗೋದಾಮಿನಲ್ಲಿ ಕೈ ನಡುಗಿದರೂ ಚಿತ್ರ ಕಲಸಿಹೋಗುತ್ತದೆ. ಇದನ್ನು ಸರಕು ಇಳಿಸುವ ಸ್ಥಳದಲ್ಲಿಯೇ ಪರೀಕ್ಷಿಸಿ ನಿರ್ಧರಿಸಬೇಕೇ ಹೊರತು ಅಂಗಡಿಯ ಮೇಜಿನ ಮೇಲಲ್ಲ.

ಅನೇಕ ಸ್ಕ್ಯಾನರುಗಳ ಹೊಂದಾಣಿಕೆಗಳು ಕೈಪಿಡಿಯಲ್ಲಿ ಮುದ್ರಿತವಾದ ಬಾರ್‌ಕೋಡುಗಳನ್ನು ಓದಿಸುವುದರಿಂದಲೇ ಬದಲಾಗುತ್ತವೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಮೂಲಸ್ಥಿತಿಗೆ ಮರಳಿಸುವ ಒಂದು ಕೋಡನ್ನು ಯಾರಾದರೂ ತಿಳಿಯದೆ ಓದಿಸಿದರೆ ಮಾಡಿದ ಸಿದ್ಧತೆಯೆಲ್ಲ ವ್ಯರ್ಥ. ಆರಿಸಿದ ಕೋಡುಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ, ದಿನಾಂಕ ಹಾಗೂ ಜವಾಬ್ದಾರನ ಸಹಿಯೊಂದಿಗೆ ಕಡತದಲ್ಲಿಡಬೇಕು. ತಿಂಗಳಿಗೊಮ್ಮೆ ಮಾದರಿ ಚಿತ್ರ ತೆಗೆದು ತಾಳೆ ನೋಡಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣವು ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವನ್ನು ಅಪೇಕ್ಷಿಸುತ್ತದೆ. ಚಿತ್ರ ಯಾವ ಉಪಕರಣದಿಂದ ಬಂತು, ಹೇಗೆ ಕಾಪಾಡಲ್ಪಟ್ಟಿತು ಎಂಬುದಕ್ಕೆ ಆ ಹಾಳೆ ನೆರವಾಗುತ್ತದೆ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪತ್ರದ ಗಡುವಿನಿಂದ 72 ತಿಂಗಳು ಕಾಪಾಡಬೇಕಾಗಿರುವುದರಿಂದ, ಈ ಚಿತ್ರಗಳಿಗೂ ಅದೇ ಅವಧಿಯನ್ನು ಅನುಸರಿಸುವುದು ವಿವೇಕ.

ರಸೀದಿ ಪುಸ್ತಕ ಯಾವ ಕಾಗದದ್ದಿರಬೇಕು, ಎಷ್ಟು ಪ್ರತಿಗಳಿರಬೇಕು ಎಂಬುದನ್ನು ವರ್ತಕರು ತಾವೇ ನಿರ್ಧರಿಸುತ್ತ ಬಂದಿದ್ದಾರೆ. ಸ್ಕ್ಯಾನರಿನ ಚಿತ್ರದ ವಿಷಯದಲ್ಲಿಯೂ ಅದೇ ಎಚ್ಚರ ಅಗತ್ಯ. ಖರೀದಿಯ ಹಣ ಪಾವತಿಸುವ ಮೊದಲೇ ತಮ್ಮ ಗೋದಾಮಿನ ಬೆಳಕಿನಲ್ಲಿ, ತಮ್ಮದೇ ಮೊಹರಿನ ಚಿತ್ರ ತೆಗೆಸಿ ಓದಿ ನೋಡುವುದು ಈ ಎಚ್ಚರದ ಮೊದಲ ಹೆಜ್ಜೆ.