ಬಿಳಿ ಸ್ಟಿಕ್ಕರಿನ ಮೇಲಿನ ವಿಳಾಸ

ಫ್ಯಾನ್ಸಿ ಸ್ಟೋರಿನ ಗಾಜಿನ ಕಪಾಟಿನಲ್ಲಿ ಎರಡು ಕ್ರೀಮಿನ ಡಬ್ಬಿಗಳು ಅಕ್ಕಪಕ್ಕ ಕೂತಿದ್ದವು. ಎರಡೂ ಪರದೇಶದವು. ಒಂದರ ಬೆನ್ನಿಗೆ ತುಸು ಸೊಟ್ಟಗೆ ಅಂಟಿಸಿದ ಬಿಳಿ ಸ್ಟಿಕ್ಕರ್: ತರಿಸಿದವರ ಹೆಸರು, ಊರು, ಪಿನ್‌ಕೋಡ್, ಎಂ.ಆರ್.ಪಿ., ‘ಆರ್.ಸಿ.’ ಎಂದು ಶುರುವಾಗುವ ಉದ್ದನೆಯ ನಂಬರು. ಇನ್ನೊಂದರ ಮೈಮೇಲೆ ಫಳಫಳ ಹೊಳೆಯುವ ಹುಡುಗಿಯ ಮುಖ, ನನಗೆ ಓದಲು ಬಾರದ ಲಿಪಿ, ಅಷ್ಟೇ. ‘ಇದಕ್ಕೆ ಬಿಲ್ ಕೊಡ್ತೀರಾ?’ ಅಂದೆ. ‘ಬಿಲ್ ಬೇಕಂದ್ರೆ ಸ್ಟಿಕ್ಕರ್ ಇರೋದು ತಗೊಳ್ಳಿ ಮೇಡಂ. ಆದ್ರೆ ಓಡೋದು ಇದೇ’ ಎನ್ನುತ್ತ ಅಂಗಡಿಯವರು ಎರಡನೆಯದನ್ನೇ ಮುಂದೆ ಸರಿಸಿದರು.

ಹೊರದೇಶದ ಸೌಂದರ್ಯ ಸಾಧನಗಳನ್ನು ತರಿಸಿ ಮಾರುವವರ ಮೇಲೆ ಸರ್ಕಾರ ಹೊರಿಸಿರುವ ನಿಯಮಗಳು ಅತಿಯಾದವೇ, ಸಾಲದವೇ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಆ ಎರಡು ಡಬ್ಬಿಗಳು ನೆನಪಾಗುತ್ತವೆ. ವ್ಯಾಪಾರಿಗಳು ಅತಿ ಎನ್ನುತ್ತಾರೆ. ಚರ್ಮದ ಡಾಕ್ಟರುಗಳು ಸಾಲದು ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಇಬ್ಬರೂ ನೋಡುತ್ತಿರುವ ಡಬ್ಬಿಗಳು ಮಾತ್ರ ಬೇರೆ ಬೇರೆ.

ಮೊದಲ ಡಬ್ಬಿಯ ದಾರಿ ಉದ್ದ. ನಮ್ಮ 1940ರ ಔಷಧ ಕಾಯಿದೆ ಹುಟ್ಟಿದಾಗ ಅದರಲ್ಲಿ ಸೌಂದರ್ಯ ಸಾಧನದ ಮಾತೇ ಇರಲಿಲ್ಲ. 1962ರ ತಿದ್ದುಪಡಿ ಅದನ್ನು ಒಳಗೆ ಕರೆದುಕೊಂಡಿತು. ಮೈಗೆ ಉಜ್ಜುವ, ಸುರಿದುಕೊಳ್ಳುವ, ಉದುರಿಸಿಕೊಳ್ಳುವ, ಸಿಂಪಡಿಸಿಕೊಳ್ಳುವ ಪದಾರ್ಥ, ಉದ್ದೇಶ ಶುಚಿಯೋ ಚೆಲುವೋ ಆಗಿದ್ದರೆ ಅದು ಈ ಕಾಯಿದೆಯ ಪಾಲಿಗೆ ಸೌಂದರ್ಯ ಸಾಧನ. ಆದರೂ ಬಹಳ ಕಾಲ ಒಂದು ವಿಚಿತ್ರ ನಡೆದುಕೊಂಡು ಬಂತು. ಇಲ್ಲೇ ಪೌಡರು ತಯಾರಿಸುವವರಿಗೆ ರಾಜ್ಯದ ಲೈಸೆನ್ಸು ಬೇಕಿತ್ತು, ಹೊರಗಿಂದ ತರಿಸುವವರಿಗೆ ನೋಂದಣಿಯೇ ಬೇಕಿರಲಿಲ್ಲ. 2013ರ ಏಪ್ರಿಲ್ 1ರಿಂದ ನೋಂದಣಿ ಕಡ್ಡಾಯವಾಯಿತು; ಸ್ಟಿಕ್ಕರಿನ ಮೇಲಿನ ‘ಆರ್.ಸಿ.’ ನಂಬರು ಆ ನೋಂದಣಿಯದೇ. 2020ರ ಡಿಸೆಂಬರಿನಲ್ಲಿ ಸೌಂದರ್ಯ ಸಾಧನಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಬಂತು.

ಈಗ ತರಿಸುವವರು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ‘ಸುಗಮ್’ ಎಂಬ ಜಾಲತಾಣದಲ್ಲಿ ಅರ್ಜಿ ಹಾಕಬೇಕು. (ಸರ್ಕಾರಿ ಜಾಲತಾಣಕ್ಕೆ ಆ ಹೆಸರಿಟ್ಟವರ ಆಶಾವಾದ ದೊಡ್ಡದು.) ತಯಾರಕರು ಕೊಟ್ಟ ಅಧಿಕಾರ ಪತ್ರ, ಆ ಮಾಲು ಅವರ ದೇಶದಲ್ಲಿ ಮುಕ್ತವಾಗಿ ಮಾರಾಟವಾಗುತ್ತಿದೆ ಎಂಬ ಸರ್ಟಿಫಿಕೇಟು, ಏನೇನು ಎಷ್ಟೆಷ್ಟು ಬೆರೆಸಿದ್ದಾರೆ ಎಂಬ ವಿವರ, ಪರೀಕ್ಷಾ ವಿಧಾನ, ಲೇಬಲ್ಲಿನ ನಕಲು, ಸೀಸ, ಆರ್ಸೆನಿಕ್, ಪಾದರಸ ಮಿತಿಯೊಳಗಿವೆ ಎಂಬ ಘೋಷಣೆ, ಪ್ರಾಣಿಗಳ ಮೇಲೆ ಪ್ರಯೋಗಿಸಿಲ್ಲ ಎಂಬ ಮತ್ತೊಂದು ಘೋಷಣೆ. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸಾಧನಗಳ ಆಮದನ್ನು ಭಾರತ 2014ರಲ್ಲೇ ನಿಲ್ಲಿಸಿದೆ. ಹೆಮ್ಮೆಪಡಬಹುದಾದ ನಡೆ ಅದು. ಶುಲ್ಕ ಡಾಲರಿನಲ್ಲಿ: ಒಂದು ವರ್ಗಕ್ಕೆ 1000, ಅದರೊಳಗಿನ ಪ್ರತಿ ಬಗೆಗೆ 50, ತಯಾರಾಗುವ ಪ್ರತಿ ಕಾರ್ಖಾನೆಗೆ 500. ಒಂದೇ ಕಾರ್ಖಾನೆಯ ಒಂದೇ ಬಗೆಯ ಕ್ರೀಮು ತರಿಸಿದರೂ 1550 ಡಾಲರು, ಅಂದರೆ ಲಕ್ಷ ರೂಪಾಯಿಗೂ ಮೇಲೆ. ವರ್ಷಕ್ಕೆ ಹತ್ತು ಕಂಟೇನರ್ ಇಳಿಸುವ ಕಂಪನಿಗೂ, ಕೊರಿಯಾದ ಒಂದು ಸನ್‌ಸ್ಕ್ರೀನನ್ನು ಇನ್ನೂರು ಡಬ್ಬಿ ತರಿಸಿ ನೋಡೋಣ ಎನ್ನುವ ಬ್ಯೂಟಿ ಪಾರ್ಲರಿನ ಯಜಮಾನಿಗೂ ಅದೇ ದರ. ಆಮೇಲೆ ಕಸ್ಟಮ್ಸ್ ಸುಂಕ, ಕ್ಲಿಯರಿಂಗ್ ಏಜೆಂಟರ ಖರ್ಚು, ತೂಕ-ಅಳತೆ ಕಾನೂನಿನ ಪ್ರಕಾರ ಆ ಬಿಳಿ ಸ್ಟಿಕ್ಕರು. ಸಣ್ಣವರು ‘ಅತಿ’ ಎಂದರೆ ತಪ್ಪೆನ್ನಲಾರೆ.

ಇನ್ನು ಎರಡನೆಯ ಡಬ್ಬಿ. ಅದರ ದಾರಿ ಸೂಟ್‌ಕೇಸಿನದು. ಪ್ರಯಾಣಿಕರು ತಮ್ಮ ಬಳಕೆಗೆಂದು ಲಗೇಜಿನಲ್ಲಿ ಒಂದಿಷ್ಟು ತರಲು ನಿಯಮದಲ್ಲೇ ವಿನಾಯಿತಿಯಿದೆ, ಇರಬೇಕಾದದ್ದೇ. ಗಲ್ಫಿನಿಂದ ಬರುವ ಮಾವ ಸೆಂಟು-ಸೋಪು ತರದಿದ್ದರೆ ಕರಾವಳಿಯಲ್ಲಿ ಮದುವೆಯ ಮಾತುಕತೆಯೂ ಸೊರಗುತ್ತದೆ. ಆದರೆ ಹತ್ತು ಮಾವಂದಿರ ಸ್ವಂತ ಬಳಕೆ ಒಂದೆಡೆ ಸೇರಿದರೆ ಅಂಗಡಿಯ ಒಂದು ಅಡ್ಡಹಲಗೆ ತುಂಬುತ್ತದೆ. ‘ಫಾರಿನ್ ಸಾಮಾನು’ ಎಂಬ ಬೋರ್ಡಿನಡಿ ಸ್ಟಿಕ್ಕರಿದ್ದದ್ದೂ ಇಲ್ಲದ್ದೂ ಒಟ್ಟಿಗೇ ಮಾರಾಟವಾಗುತ್ತವೆ.

ಇದರ ಬೆಲೆ ತೆತ್ತವರು ನಮ್ಮ ಪಕ್ಕದಲ್ಲೇ ಇದ್ದಾರೆ. ಆಯುರ್ವೇದಕ್ಕೆ ಹೆಸರಾದ ಕೇರಳದ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡ ತಜ್ಞರು ಒಂದು ವಿಚಿತ್ರ ಗಮನಿಸಿದರು. ಮೊದಲು ಯಾವ ಕಾಯಿಲೆಯೂ ಇಲ್ಲದವರು ಮೈ ಬಾತುಕೊಂಡು ಬರುತ್ತಿದ್ದರು, ಮೂತ್ರದಲ್ಲಿ ಪ್ರೋಟೀನು ಸೋರುತ್ತಿತ್ತು. 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ‘ಮೆಂಬ್ರೇನಸ್ ನೆಫ್ರೋಪಥಿ’ ಎಂಬ ಈ ಕಾಯಿಲೆಯ 22 ಪ್ರಕರಣಗಳನ್ನು ಅವರು ನೋಡಿದರು. ಅದರಲ್ಲಿ 15 ಮಂದಿಯದು ‘ನೆಲ್-1’ ಎಂಬ ಅಪರೂಪದ ಬಗೆ. ಆ ಹದಿನೈದರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದೆವೆಂದು ಒಪ್ಪಿಕೊಂಡರು. ಕಾರಣ ಪಾದರಸ. ಚರ್ಮದ ಬಣ್ಣಕ್ಕೆ ಮೂಲವಾದ ಮೆಲನಿನ್ ತಯಾರಾಗದಂತೆ ಪಾದರಸದ ಲವಣಗಳು ತಡೆಯುತ್ತವೆ. ಅಗ್ಗ, ಫಲ ಬೇಗ, ಕನ್ನಡಿ ಕೆಲವೇ ವಾರಗಳಲ್ಲಿ ಹೊಗಳತೊಡಗುತ್ತದೆ. ಚರ್ಮದಿಂದ ಒಳಗಿಳಿದದ್ದು ಮೂತ್ರಪಿಂಡದಲ್ಲಿ ಕೂರುತ್ತದೆ. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿಟ್ಟು ಅಂಗಡಿಗಳ ತಪಾಸಣೆಗೆ ಇಳಿಯಿತು.

ಕಾನೂನಿನ ಪುಸ್ತಕದಲ್ಲಿ ಪಾದರಸಕ್ಕೆ ಜಾಗವೇ ಇಲ್ಲವೆನ್ನಬೇಕು. ಅಕಸ್ಮಾತ್ ಸೇರಿಕೊಂಡದ್ದು ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರಬಾರದು, ಕಣ್ಣಿಗೆ ಹಚ್ಚುವ ಸಾಧನಗಳಲ್ಲಿ ಮಾತ್ರ 70 ಪಾಲು ಎನ್ನುತ್ತದೆ 2020ರ ನಿಯಮ. ಪಾದರಸದ ವಿರುದ್ಧದ ಮಿನಮಾಟಾ ಒಪ್ಪಂದಕ್ಕೆ ಭಾರತವೂ ಸೇರಿದೆ. 2023ರ ಕೊನೆಗೆ ಜಿನೀವಾದಲ್ಲಿ ಸೇರಿದ ದೇಶಗಳು ಆ ಒಂದು ಪಾಲಿನ, ಕಣ್ಣಿನ ವಿನಾಯಿತಿಯನ್ನೂ ತೆಗೆದುಹಾಕಲು ಒಪ್ಪಿದವು. ಅಂದಮೇಲೆ ಬರವಣಿಗೆಯಲ್ಲಿ ಏನೂ ಕೊರತೆಯಿಲ್ಲ. ಕೊರತೆ ಇರುವುದು ಕಾನೂನು ಎಲ್ಲಿ ನಿಂತು ಕಾಯುತ್ತಿದೆ ಎಂಬಲ್ಲಿ. ಅದು ಹೆಬ್ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದೆ. ಹಿತ್ತಲಿಂದ ಬಂದವರನ್ನು ಕೇಳುವವರಿಲ್ಲ. ಒಂದು ಕ್ರೋಸಿನ್ ಮಾರಲು ಮೆಡಿಕಲ್ ಶಾಪಿಗೆ ಲೈಸೆನ್ಸು ಬೇಕು, ಫಾರ್ಮಸಿಸ್ಟ್ ಬೇಕು. ಕ್ರೀಮು ಮಾರುವ ಫ್ಯಾನ್ಸಿ ಸ್ಟೋರಿಗೆ ಈ ಕಾಯಿದೆಯಡಿ ಮಾರಾಟದ ಲೈಸೆನ್ಸೇ ಬೇಡ. ನೋಂದಣಿಯಾಗದ ಆಮದು ಮಾಲು ಮಾರಬಾರದು ಎಂಬ ನಿಯಮವೇನೋ ಅಂಗಡಿಯವರಿಗೂ ಅನ್ವಯಿಸುತ್ತದೆ. ಆದರೆ ನೋಂದಣಿ ದೆಹಲಿಯ ಕೆಲಸ, ಅಂಗಡಿ ನೋಡುವುದು ರಾಜ್ಯದ ಡ್ರಗ್ ಇನ್‌ಸ್ಪೆಕ್ಟರ ಕೆಲಸ, ಆ ಇನ್‌ಸ್ಪೆಕ್ಟರ ತಲೆಯ ಮೇಲೆ ಜಿಲ್ಲೆಯ ಔಷಧಿ ಅಂಗಡಿಗಳ ಹೊರೆ ಮೊದಲೇ ಇದೆ. ಬಳೆ-ಟಿಕ್ಲಿ ಅಂಗಡಿಯ ಸರದಿ ಬರುವುದು ಯಾವಾಗ?

ಹಾಗಾದರೆ ಬಾಗಿಲಿನ ಕಾಗದಪತ್ರವನ್ನೆಲ್ಲ ಕಿತ್ತುಹಾಕಿ, ಯುರೋಪು ಒಪ್ಪಿದ್ದನ್ನು ನಾವೂ ಕಣ್ಣುಮುಚ್ಚಿ ಒಪ್ಪೋಣ ಎನ್ನುವವರಿದ್ದಾರೆ. ಅವರಿಗೆ 1972ರ ಫ್ರಾನ್ಸನ್ನು ನೆನಪಿಸಬೇಕು. ಅಲ್ಲಿ ‘ಟಾಲ್ಕ್ ಮೊರಾಂಜ್’ ಎಂಬ ಎಳೆಮಕ್ಕಳ ಪೌಡರಿಗೆ ಹೆಕ್ಸಾಕ್ಲೋರೊಫೀನ್ ಎಂಬ ಕ್ರಿಮಿನಾಶಕ ತಪ್ಪಿ ಶೇ 6ಕ್ಕೂ ಹೆಚ್ಚು ಬೆರೆತು 36 ಮಕ್ಕಳು ಸತ್ತರು. ಕಳ್ಳಮಾಲಲ್ಲ ಅದು, ಮುಂದುವರಿದ ದೇಶದ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟವಾದದ್ದು. ‘ಮುಕ್ತ ಮಾರಾಟ’ದ ಸರ್ಟಿಫಿಕೇಟು ಕೇಳಿದ್ದರೆ ಅದಕ್ಕೂ ಸಿಗುತ್ತಿತ್ತು. ಇಂಥ ಅವಘಡದಲ್ಲಿ ಉಳಿದ ಮಕ್ಕಳನ್ನು ಉಳಿಸುವುದು ಡಬ್ಬಿಯ ಮೇಲಿನ ಬ್ಯಾಚ್ ನಂಬರು ಮತ್ತು ವಿಳಾಸ. ಯಾವ ದಿನ ಯಾವ ಕಾರ್ಖಾನೆಯಲ್ಲಿ ಬೆರೆಸಿದ್ದು, ಯಾರ ಮೂಲಕ ಬಂದದ್ದು, ಯಾರಿಗೆ ಫೋನ್ ಮಾಡಿದರೆ ವಾಪಸ್ ತರಿಸುತ್ತಾರೆ ಎಂಬುದು ಅವುಗಳಿಂದಲೇ ಗೊತ್ತಾಗುವುದು. ನನ್ನ ಮಟ್ಟಿಗೆ ಆ ಸೊಟ್ಟ ಸ್ಟಿಕ್ಕರಿನ ಬೆಲೆ ಇಲ್ಲಿದೆ. ಕ್ರೀಮು ಒಳ್ಳೆಯದೆಂದು ಅದು ಸಾರುವುದಿಲ್ಲ, ಕೆಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕೆಂದು ಹೇಳುತ್ತದೆ. ಯುರೋಪಿನ 2009ರ ಕಾನೂನೂ ಸುತ್ತಿ ಸುತ್ತಿ ಬರುವುದು ಇಲ್ಲಿಗೇ: ಮಾರುವ ಮೊದಲು ಸರ್ಕಾರದ ಅಪ್ಪಣೆ ಬೇಡ, ಆದರೆ ಒಕ್ಕೂಟದೊಳಗೆ ವಿಳಾಸವಿರುವ ‘ಹೊಣೆಗಾರ ವ್ಯಕ್ತಿ’ಯೊಬ್ಬರು ಬೇಕೇ ಬೇಕು, ತಜ್ಞರ ಸುರಕ್ಷತಾ ವರದಿ ಅವರ ಕೈಯಲ್ಲಿರಬೇಕು. ಅಮೆರಿಕ 1938ರ ಕಾಯಿದೆಯನ್ನೇ ಎಂಟು ದಶಕ ಎಳೆದಾಡಿ 2022ರ ಕೊನೆಗೆ ಅದೇ ಹಾದಿ ಹಿಡಿಯಿತು.

ಅಮೆರಿಕದ ಮಾತು ಬಂತಲ್ಲ, ಅಲ್ಲಿನ ಕನ್ನಡದ ತಾಯಂದಿರಿಗೊಂದು ಸಿಟ್ಟಿದೆ. ಕೂಸಿನ ಕಣ್ಣಿಗೆಂದು ಊರಿನ ಕಾಡಿಗೆ ತರಿಸಿಕೊಳ್ಳೋಣವೆಂದರೆ ಅಲ್ಲಿನ ಆಹಾರ-ಔಷಧ ಇಲಾಖೆ ಕಾಜಲ್, ಸುರ್ಮಾಗಳನ್ನೆಲ್ಲ ಒಂದೇ ಸಾಲಿಗೆ ಸೇರಿಸಿ ಬೇಡವೆನ್ನುತ್ತದೆ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಅಜ್ಜಿ ಹಿಡಿದ ಮಸಿಯೇ ಬೇರೆ, ಸೀಸದ ಅದಿರು ಅರೆದ ಸುರ್ಮಾವೇ ಬೇರೆ ಎಂದು ನಮಗೆ ಗೊತ್ತು. ಬಂದರಿನಲ್ಲಿ ಕೂತವರಿಗೆ ಎರಡೂ ಕಪ್ಪು. ಅಜ್ಜಿಯ ಡಬ್ಬಿಗೆ ಲೇಬಲ್ಲಿಲ್ಲ. ಅಜ್ಜಿ ಗೊತ್ತಿರುವವರಿಗೆ ಅದು ಬೇಕಾಗಿಯೂ ಇಲ್ಲ. ಅಡುಗೆಮನೆ ದಾಟಿ ಕಡಲು ದಾಟಿದ ಮೇಲೆ ಅಜ್ಜಿಯ ಮುಖದ ಜಾಗದಲ್ಲಿ ಏನಾದರೊಂದು ಇರಬೇಕಾಗುತ್ತದೆ.

ಆದ್ದರಿಂದ ನಾನು ಕೇಳುವುದು ಬಾಗಿಲಲ್ಲಿ ಸ್ವಲ್ಪ ಸಡಿಲಿಕೆ, ಒಳಗೆ ಸ್ವಲ್ಪ ಬಿಗಿ. ಸಣ್ಣ ಪ್ರಮಾಣದಲ್ಲಿ ತರಿಸುವವರಿಗೆ ಶುಲ್ಕ ಇಳಿಯಲಿ. ಬೇರೆಡೆ ತಜ್ಞರು ಬರೆದ ಸುರಕ್ಷತಾ ವರದಿ ಇದ್ದರೆ ಅದನ್ನು ಓದಿ ಒಪ್ಪುವ ಔದಾರ್ಯ ಇರಲಿ. ಹೆಸರು, ವಿಳಾಸ, ಬ್ಯಾಚು, ಇವುಗಳಲ್ಲಿ ಮಾತ್ರ ರಿಯಾಯಿತಿ ಬೇಡ. ಫ್ಯಾನ್ಸಿ ಸ್ಟೋರಿಗೆ ಲೈಸೆನ್ಸಿನ ಹೊಸ ಕಾಟ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲಿಂದ ಕೊಂಡದ್ದೆಂಬ ಬಿಲ್ಲು ಇಟ್ಟುಕೊಳ್ಳಿ ಎಂದರೆ ಸಾಕು. ಸೂಟ್‌ಕೇಸಿಗೆ ಬಿಲ್ಲಿರುವುದಿಲ್ಲ.

ಪಾದರಸ ಹುಡುಕಲು ದೊಡ್ಡ ಪ್ರಯೋಗಾಲಯವೇ ಬೇಕೆಂದೇನಿಲ್ಲ. ಎಕ್ಸ್‌ರೇ ಪ್ರತಿದೀಪ್ತಿಯಿಂದ ಕೆಲಸ ಮಾಡುವ, ಕೈಯಲ್ಲಿ ಹಿಡಿಯುವ ಯಂತ್ರಗಳಿವೆ. ಕ್ರೀಮಿಗೆ ಹಿಡಿದರೆ ಪಾದರಸ ಢಾಳಾಗಿದೆಯೇ ಇಲ್ಲವೇ ಎಂಬುದು ಅಲ್ಲಿಯೇ, ಒಂದೆರಡು ನಿಮಿಷದಲ್ಲಿ ತಿಳಿಯುತ್ತದೆ. ಹೆಬ್ಬಾಗಿಲಲ್ಲಿ ವರ್ಗಕ್ಕಿಷ್ಟು, ಬಗೆಗಿಷ್ಟು ಎಂದು ಎಣಿಸಿಕೊಂಡ ಡಾಲರುಗಳಲ್ಲಿ ಒಂದು ಪಾಲು ಅಂಥ ಯಂತ್ರವಾಗಿ ನಮ್ಮ ಕರಾವಳಿಯ ಒಂದೊಂದು ಜಿಲ್ಲೆಯ ಇನ್‌ಸ್ಪೆಕ್ಟರ ಕೈಗೆ ಬರಲಿ. ಮುಂದಿನ ಸಲ ‘ಓಡೋದು ಇದೇ’ ಎಂದು ಅಂಗಡಿಯವರು ಡಬ್ಬಿ ಮುಂದೆ ಸರಿಸಿದಾಗ ಎದುರಿಗೆ ನಿಂತಿರುವವರು ಆ ಇನ್‌ಸ್ಪೆಕ್ಟರೇ ಆಗಿರಲಿ.