ಕುಸ್ತಿಪಟುವಿನ ತೂಕವೂ ಮೈಯೊಳಗಿನ ನೀರೂ

ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ ಎಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಮೈಯಿಂದ ಒಂದು ಲೀಟರು ಬೆವರು ಹೋದರೂ ಸರಿ, ಒಂದು ಕಿಲೋಗ್ರಾಂ ಕೊಬ್ಬು ಕರಗಿದರೂ ಸರಿ, ತಕ್ಕಡಿಯು ತೋರಿಸುವ ಅಂಕಿ ಒಂದೇ. ಆದರೆ ಕೊಬ್ಬು ಕರಗಲು ವಾರಗಳು ಬೇಕು. ನೀರು ಹೋಗಲು ಒಂದೆರಡು ಗಂಟೆ ಸಾಕು. ತೂಕದ ವರ್ಗಗಳಲ್ಲಿ ನಡೆಯುವ ಕುಸ್ತಿಯಲ್ಲಿ ಈ ಭೇದವನ್ನು ಮರೆತರೆ ಪ್ರಾಣಕ್ಕೇ ಎರವಾದೀತು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1997ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಮಡಿದರು. ತೂಕವನ್ನು ಇಳಿಸಲೆಂದು ಅವರು ಆವಿ ಹೊರಹೋಗದ ಉಡುಪನ್ನು ತೊಟ್ಟು, ಬಿಸಿಯಾದ ಸ್ಥಳದಲ್ಲಿ ಕಠಿಣ ವ್ಯಾಯಾಮ ಮಾಡಿದ್ದರು. ಬೆವರು ಮೈಯನ್ನು ತಂಪುಗೊಳಿಸುವುದು ಸುರಿಯುವುದರಿಂದಲ್ಲ, ಆರುವುದರಿಂದ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ಆವಿಗೆ ದಾರಿಯಿಲ್ಲವಾದರೆ ಉಷ್ಣವು ಒಳಗೇ ಉಳಿಯುತ್ತದೆ. 60 ಕಿಲೋಗ್ರಾಂ ತೂಕದ ದೇಹದ ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡ್ ಏರಲು ಸುಮಾರು 50 ಕಿಲೋಕ್ಯಾಲೊರಿ ಸಾಕು. ನಿಮಿಷಕ್ಕೆ 10 ಕಿಲೋಕ್ಯಾಲೊರಿ ಉಷ್ಣವನ್ನು ಹುಟ್ಟಿಸುವ ವ್ಯಾಯಾಮದಲ್ಲಿ, ಅದು ಹೊರಹೋಗುವ ದಾರಿಯೆಲ್ಲ ಮುಚ್ಚಿದ್ದರೆ, ಇದಕ್ಕೆ ಹಿಡಿಯುವ ಕಾಲ ಐದೇ ನಿಮಿಷ!

ಈ ದುರಂತದ ತರುವಾಯ, 1998ರಲ್ಲಿ, ಕಾಲೇಜು ಕುಸ್ತಿಯಲ್ಲಿ ಅಂಥ ಉಡುಪುಗಳನ್ನೂ ಉಗಿಕೋಣೆಗಳನ್ನೂ ಮೂತ್ರ ಹೆಚ್ಚಿಸುವ ಔಷಧಗಳನ್ನೂ ನಿಷೇಧಿಸಲಾಯಿತು. ಪ್ರೌಢಶಾಲೆಗಳ ರಾಷ್ಟ್ರೀಯ ಒಕ್ಕೂಟವು 2006–07ರ ಋತುವಿನಿಂದ ತೂಕ ನಿಯಂತ್ರಣದ ನಿಯಮಗಳನ್ನು ಕಡ್ಡಾಯಗೊಳಿಸಿತು. ಮೊದಲು ಮೂತ್ರಪರೀಕ್ಷೆ: ಅದರ ಸಾಪೇಕ್ಷ ಸಾಂದ್ರತೆ 1.025ನ್ನು ಮೀರಕೂಡದು. ಅನಂತರ ಕೊಬ್ಬಿನ ಅಂದಾಜು: ಹುಡುಗರಲ್ಲಿ ಶೇಕಡಾ 7ಕ್ಕೂ ಹುಡುಗಿಯರಲ್ಲಿ ಶೇಕಡಾ 12ಕ್ಕೂ ಕಡಮೆಯಾಗದಂತೆ ಕನಿಷ್ಠ ತೂಕದ ನಿರ್ಣಯ. ಆ ತೂಕಕ್ಕೆ ಇಳಿಯುವಾಗಲೂ ವಾರಕ್ಕೆ ಶೇಕಡಾ 1.5ಕ್ಕಿಂತ ಹೆಚ್ಚು ಕಳೆಯುವಂತಿಲ್ಲ.

ನೀರಿನ ಪರೀಕ್ಷೆ ಮೊದಲೇಕೆ? ಲೆಕ್ಕ ಹಾಕಿ ನೋಡೋಣ. 60 ಕಿಲೋಗ್ರಾಂ ತೂಕದ ಹುಡುಗನಲ್ಲಿ ಶೇಕಡಾ 13 ಕೊಬ್ಬಿದ್ದರೆ, ಉಳಿದ ಭಾಗ 52.2 ಕಿಲೋಗ್ರಾಂ. ಇದು ಶೇಕಡಾ 93 ಆಗುವ ತೂಕವೇ ಅವನ ಕನಿಷ್ಠ ತೂಕ: ಸುಮಾರು 56.1 ಕಿಲೋಗ್ರಾಂ. ವಾರಕ್ಕೆ 0.9 ಕಿಲೋಗ್ರಾಮಿನಂತೆ ಅಲ್ಲಿಗೆ ಇಳಿಯಲು ನಾಲ್ಕು ವಾರಗಳಿಗೂ ಮಿಗಿಲಾದ ಕಾಲ ಬೇಕು. ಅದೇ ಹುಡುಗನು ಮೂರು ಲೀಟರು ನೀರನ್ನು ಕಳೆದುಕೊಂಡು ಪರೀಕ್ಷೆಗೆ ಬಂದನೆನ್ನೋಣ. ಕೊಬ್ಬಿನ ಪ್ರಮಾಣ ಶೇಕಡಾ 13 ಎಂದೇ ಕಂಡುಬಂದರೆ, 57 ಕಿಲೋಗ್ರಾಮಿನಿಂದ ಹೊರಟ ಲೆಕ್ಕವು 53.3 ಎಂಬ ಉತ್ತರವನ್ನು ಕೊಡುತ್ತದೆ. ಗಣಿತದಲ್ಲಿ ತಪ್ಪಿಲ್ಲ, ಅಳತೆಯೇ ಸುಳ್ಳು. ಈ ಸುಳ್ಳಿಗೆ ತಡೆಯೊಡ್ಡುವುದೇ ಮೂತ್ರಪರೀಕ್ಷೆಯ ಉದ್ದೇಶ.

ಈ ನಿಯಮಗಳು ಶ್ಲಾಘ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅವು ಅಪೂರ್ಣವೆಂದೇ ನಮ್ಮ ಅಭಿಪ್ರಾಯ. ನೀರಿನ ಪರೀಕ್ಷೆಯು ಋತುವಿನ ಆರಂಭದ ನಿರ್ಣಯಕ್ಕೆ ಸೇರಿದ್ದು. ಪಂದ್ಯದ ದಿನ ತಕ್ಕಡಿಯೇ ಮತ್ತೆ ನ್ಯಾಯಾಧೀಶ. ಆರಂಭದಲ್ಲಿ ಸಾಕಷ್ಟು ನೀರು ಕುಡಿದು ಬಂದ ಹುಡುಗನು ಪಂದ್ಯದ ಹಿಂದಿನ ದಿನ ಬಾಯಾರಿ ಕುಳಿತರೆ ಅದನ್ನು ಕಂಡುಹಿಡಿಯುವವರಾರು? ಆದುದರಿಂದ ತೂಕ ನೋಡುವಾಗಲೆಲ್ಲ ಸಾಂದ್ರತೆಯನ್ನೂ ನೋಡುವುದು ಯುಕ್ತ. ವಕ್ರೀಭವನ ಮಾಪಕಕ್ಕೆ ಒಂದೆರಡು ಹನಿ ಸಾಕು. ಫಲಿತಾಂಶ ಕೂಡಲೇ ದೊರೆಯುತ್ತದೆ. ಪರೀಕ್ಷೆಗೆ ಮುಂಚೆ ಗಟಗಟನೆ ನೀರು ಕುಡಿದು ಅದನ್ನು ವಂಚಿಸಬಹುದೆಂಬ ಆಕ್ಷೇಪ ನಿಜವೇ. ಆದರೆ ಕುಡಿದ ನೀರು ತಕ್ಕಡಿಯ ಮೇಲೆ ತೂಗದಿರುವುದಿಲ್ಲವಷ್ಟೆ! ಎರಡು ಅಳತೆಗಳೂ ಒಟ್ಟಿಗೆ ನಡೆದರೆ ಒಂದನ್ನು ವಂಚಿಸಲು ಹೋದವನು ಇನ್ನೊಂದರಲ್ಲಿ ಸಿಕ್ಕಿಬೀಳುವ ಸಂಭವವೇ ಹೆಚ್ಚು.

ಇದು ದೂರದೇಶದ ಸಂಗತಿಯೆಂದು ನಮ್ಮ ವಿದ್ಯಾರ್ಥಿಗಳು ಉಪೇಕ್ಷಿಸಬಾರದು. 2024ರ ಆಗಸ್ಟ್ 7ರಂದು ಪ್ಯಾರಿಸ್ಸಿನ ಒಲಿಂಪಿಕ್ ಕ್ರೀಡೆಗಳಲ್ಲಿ, 50 ಕಿಲೋಗ್ರಾಂ ವರ್ಗದ ಅಂತಿಮ ಪಂದ್ಯಕ್ಕೆ ಮುಂಚೆ, ವಿನೇಶ್ ಫೋಗಟರು ಅನರ್ಹರಾದದ್ದು ಸುಮಾರು 100 ಗ್ರಾಮಿನಿಂದ, ಎಂದರೆ ಕೆಲವೇ ಗುಟುಕು ನೀರಿನಷ್ಟು ತೂಕದಿಂದ. ಇಡೀ ದೇಶವು ಆ 100 ಗ್ರಾಮಿಗಾಗಿ ಮರುಗಿತು. ಅದನ್ನು ಕಳೆಯಲು ರಾತ್ರಿಯೆಲ್ಲ ದಂಡಿಸಿದ ದೇಹವನ್ನು ಕುರಿತು ಮರುಗಿದವರೆಷ್ಟು ಮಂದಿ?

ನಮ್ಮ ಗರಡಿಗಳ ಹುಡುಗರೂ ಇಂದು ತೂಕದ ವರ್ಗಗಳಲ್ಲಿ ಸೆಣಸುತ್ತಿದ್ದಾರೆ. ಬೆಳೆಯುವ ವಯಸ್ಸಿನ ದೇಹಕ್ಕೆ ನೀರು ಹೊರೆಯಲ್ಲ. ರಕ್ತವನ್ನು ಹರಿಯಿಸುವ, ಉಷ್ಣವನ್ನು ಹೊರಹಾಕುವ ಸಾಧನ. ಒಂದು ವರ್ಗ ಕೆಳಗಿಳಿದು ಗೆಲ್ಲುವುದಕ್ಕಿಂತ ತನ್ನ ನಿಜವಾದ ತೂಕದಲ್ಲಿ ಸೆಣಸಿ ಸೋಲುವುದೇ ಲೇಸು. ಸೋತವನು ಮುಂದಿನ ವರ್ಷ ಮತ್ತೆ ಕಣಕ್ಕೆ ಇಳಿಯಬಲ್ಲನು.